ತೊಗರಿ ಹೊಲಕ್ಕೆ ಸಮುದ್ರದ ದಾರಿ

ಮಿರಗದ ಮಳೆ ಬಿದ್ದರೆ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ತೊಗರಿ ಬಿತ್ತನೆಯ ಅವಸರ. ಕೂರಿಗೆ ಸಿದ್ಧ, ಬೀಜ ಸಿದ್ಧ. ಎಲ್ಲರ ಬಾಯಲ್ಲೂ ಒಂದೇ ಮಾತು: ಡಿಎಪಿ ಗೊಬ್ಬರ ಬಂತಾ?

ನಮ್ಮ ದೇಶ ತರಿಸಿಕೊಳ್ಳುವ ಡಿಎಪಿಯಲ್ಲಿ ದೊಡ್ಡ ಪಾಲು ಸೌದಿ ಅರೇಬಿಯಾದ್ದು. ಅಲ್ಲಿನ ರಾಸ್ ಅಲ್ ಖೈರ್ ಬಂದರಿನಿಂದ ಹೊರಟ ಹಡಗು ಹಾರ್ಮುಜ್ ಜಲಸಂಧಿಯನ್ನು ದಾಟಿಯೇ ನಮ್ಮತ್ತ ಬರಬೇಕು. ಉತ್ತರಕ್ಕೆ ಇರಾನ್, ದಕ್ಷಿಣಕ್ಕೆ ಒಮಾನ್. ತೀರಾ ಕಿರಿದಾದ ಕಡೆ ಅದರ ಅಗಲ 40 ಕಿಲೋಮೀಟರಿಗೂ ಕಡಿಮೆ. ಹಡಗುಗಳಿಗೆ ಗುರುತಿಸಿಕೊಟ್ಟ ದಾರಿಯಂತೂ ಹೋಗಲು ಸುಮಾರು 3 ಕಿಲೋಮೀಟರ್, ಬರಲು ಅಷ್ಟೇ. ನಮ್ಮ ಅಡುಗೆ ಅನಿಲದ ಹಡಗುಗಳಿಗೂ ಇದೇ ಬಾಗಿಲು.

ಹಾರ್ಮುಜ್ ಜೊತೆ ನಮ್ಮ ಕಲಬುರಗಿ ಸೀಮೆಯ ನಂಟು ಹಳೆಯದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ಕಲಬುರಗಿ ರಾಜಧಾನಿಯಾಯಿತು. ಅದರ ದಂಡಿಗೆ ಬೇಕಾದ ಕುದುರೆಗಳು ಹಾರ್ಮುಜ್ ಕಡೆಯಿಂದಲೂ ಹಡಗೇರಿ ಬರುತ್ತಿದ್ದವು.

ಸಮುದ್ರವನ್ನೇ ಕಾಣದ ರೈತ ದೂರದ ಕೊಲ್ಲಿಯ ಜಗಳದ ಸುದ್ದಿಗೆ ಕಿವಿಗೊಡುತ್ತಾನೆ. ಅದು ಸರಿಯೇ. ಅಲ್ಲಿ ಹಡಗು ತಡೆದರೆ ಇಲ್ಲಿ ಸೊಸೈಟಿ ಮುಂದೆ ಸಾಲು ಬೆಳೆಯುತ್ತದೆ. ಹೊಲದ ಹದ ಗೊಬ್ಬರ ಬರುವತನಕ ಕಾಯುವುದಿಲ್ಲ. ಅದಕ್ಕೇ ಈ ಸಲ ತೊಗರಿ ಬೀಜಕ್ಕೆ ರೈಜೋಬಿಯಂ ಜೊತೆ ರಂಜಕ ಕರಗಿಸುವ ಜೀವಾಣುವನ್ನೂ ಹಚ್ಚಿ ಬಿತ್ತಿ ನೋಡಿ. ಡಿಎಪಿ ಚೀಲದ ಮೇಲಿನ ಅವಲಂಬನೆ ಒಂದಿಷ್ಟಾದರೂ ಇಳಿದೀತು.