ಬೇಸಿಗೆ ರಜೆ ಮತ್ತು ಮನೆಮಂದಿಯ ಹಕ್ಕು

(ಹಟ್ಟಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಹಾಗೂ ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಸಹೋದರರೇ, ಶಾಲೆಗಳಿಗೆ ರಜೆ ಬಿದ್ದಿದೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ ಇರುತ್ತಾರೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಒಳಗೆ ಮೊಬೈಲು. ನಮ್ಮ ಊರಿನ ಗಣಿಗೆ ಮಾತ್ರ ರಜೆಯಿಲ್ಲ. ಮೊದಲ ಪಾಳಿಯ ತಂದೆ ಮಕ್ಕಳು ಏಳುವ ಮೊದಲೇ ಹೊರಡುತ್ತಾನೆ. ಎರಡನೇ ಪಾಳಿಯವನು ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಾರೆ. ರಾತ್ರಿ ಪಾಳಿಯವನು ಹಗಲು ನಿದ್ದೆಯಲ್ಲಿರುತ್ತಾನೆ. "ಅಬ್ಬಾ ಮಲಗಿದ್ದಾರೆ, ಗದ್ದಲ ಮಾಡಬೇಡಿ" ಎಂದು ತಾಯಿ ಮಕ್ಕಳನ್ನು ಓಣಿಗೆ ಕಳಿಸುತ್ತಾಳೆ. ಹೀಗೆ ಒಂದೇ ಸೂರಿನ ಕೆಳಗಿದ್ದೂ ತಂದೆ ಮಕ್ಕಳು ಸರಿಯಾಗಿ ಭೇಟಿಯಾಗದೆಯೇ ರಜೆ ಮುಗಿದುಹೋಗುತ್ತದೆ. ಇಂದು ನಾವು ಮಾತನಾಡಬೇಕೆಂದಿರುವುದು ಇದರ ಕುರಿತು.

ಬುಖಾರಿ ಗ್ರಂಥದಲ್ಲಿ ವರದಿಯಾದ ಒಂದು ಘಟನೆ ನಿಮಗೆ ಗೊತ್ತಿರಬಹುದು. ಪ್ರವಾದಿಯವರು(ಸ) ಹಝ್ರತ್ ಸಲ್ಮಾನ್(ರ) ಮತ್ತು ಹಝ್ರತ್ ಅಬುದ್ದರ್ದಾ(ರ)ರನ್ನು ಸಹೋದರರನ್ನಾಗಿ ಜೋಡಿಸಿದ್ದರು. ಒಮ್ಮೆ ಸಲ್ಮಾನ್(ರ) ಆ ಮನೆಗೆ ಬಂದಾಗ ಮನೆಯಾಕೆ ಹಳೆಯ ಬಟ್ಟೆಯಲ್ಲಿ, ತನ್ನ ಕಡೆ ಗಮನವೇ ಇಲ್ಲದಂತೆ ಇರುವುದನ್ನು ಕಂಡರು. ಏನೆಂದು ಕೇಳಿದಾಗ ಆಕೆ, ನಿಮ್ಮ ಸಹೋದರನಿಗೆ ಈ ಲೋಕದ ಯಾವುದರಲ್ಲೂ ಆಸಕ್ತಿಯಿಲ್ಲ ಎಂದರು. ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಇರುತ್ತಿದ್ದರು. ಸಲ್ಮಾನ್(ರ) ಅವರನ್ನು ಹಗಲಲ್ಲಿ ತನ್ನೊಂದಿಗೆ ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಇಬ್ಬರೂ ಸೇರಿ ನಮಾಝ್ ಮಾಡಿದರು. ಬಳಿಕ, ಪ್ರಭುವಿಗೆ ನಿನ್ನ ಮೇಲೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ಹಕ್ಕಿದೆ, ಅವರವರ ಪಾಲು ಅವರವರಿಗೆ ಕೊಡು ಎಂದು ತಿಳಿಹೇಳಿದರು. ವಿಷಯ ಪ್ರವಾದಿಯವರ(ಸ) ಬಳಿಗೆ ಹೋದಾಗ ಅವರು ಸಲ್ಮಾನರ ಮಾತನ್ನೇ ಸರಿಯೆಂದರು.

ಗಮನಿಸಿ, ಅಬುದ್ದರ್ದಾ(ರ) ಕಾಲ ಕಳೆಯುತ್ತಿದ್ದುದು ಆರಾಧನೆಯಲ್ಲಿ. ಅಂಥವರ ಮೇಲೂ ಮನೆಯವರ ಹಕ್ಕು ಬಾಕಿ ಉಳಿಯುತ್ತದೆ ಎಂದಾದರೆ, ಪಾಳಿ ಮುಗಿಸಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ತಾಸು ಕೂತು, ಮನೆಗೆ ಬಂದ ಮೇಲೆ ಮತ್ತೆರಡು ತಾಸು ರೀಲ್ಸ್ ನೋಡುವವನ ಲೆಕ್ಕ ಏನಾಗಬೇಕು?

ಪ್ರವಾದಿಯವರ(ಸ) ಹೆಗಲ ಮೇಲಿದ್ದ ಹೊಣೆ ನಮ್ಮ ಯಾರ ಮೇಲೂ ಇಲ್ಲ. ಆದರೂ ಅವರು ಹಝ್ರತ್ ಆಯಿಶಾ(ರ)ರೊಂದಿಗೆ ಪ್ರಯಾಣದಲ್ಲಿ ಓಟದ ಪಂದ್ಯ ಕಟ್ಟಿದ್ದರು. ಮೊದಲ ಸಲ ಆಯಿಶಾ(ರ) ಗೆದ್ದರು, ಮುಂದೆ ಯಾವಾಗಲೋ ಪ್ರವಾದಿಯವರು(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ತಮಾಷೆ ಮಾಡಿದರು. ಹಝ್ರತ್ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಚಿಕ್ಕ ಹಕ್ಕಿಯ ಬಗ್ಗೆ ಆ ಮಗುವನ್ನೇ ವಿಚಾರಿಸುತ್ತಿದ್ದರು. ಮಗುವಿನ ಹಕ್ಕಿಯ ಹಾಲು ಹವಾಲು ಕೇಳಲು ಅವರಿಗೆ ಪುರುಸೊತ್ತಿತ್ತು.

ಇನ್ನು ತಿರುಗಾಟದ ಮಾತು. ಈಚೆಗೆ ರಜೆ ಎಂದರೆ ಊಟಿ ಅಥವಾ ಗೋವಾ ಎಂಬಂತಾಗಿದೆ. ಇದ್ದವರು ಹೋಗಿಬರಲಿ, ತಪ್ಪೇನಿಲ್ಲ. ಆದರೆ ಪಕ್ಕದ ಮನೆಯವರು ಸ್ಟೇಟಸ್ ಹಾಕಿದರೆಂದು ಬಡ್ಡಿಗೆ ಸಾಲ ತೆಗೆದು ನಾಲ್ಕು ದಿನ ಸುತ್ತಿ, ಆ ಮೇಲೆ ವರ್ಷವಿಡೀ ಕಂತು ಕಟ್ಟುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ಬಡ್ಡಿಯ ವಿಷಯದಲ್ಲಿ ಕುರ್‌ಆನ್‌ನ ಮಾತು ಎಷ್ಟು ಕಟುವಾಗಿದೆ ಎಂಬುದನ್ನು ಈ ಮಿಂಬರಿನಿಂದ ಹಲವು ಬಾರಿ ಹೇಳಿದ್ದೇವೆ, ಇಂದು ಅದನ್ನು ಬೆಳೆಸುವುದಿಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು? ಅಲ್-ಅನ್ಕಬೂತ್ ಅಧ್ಯಾಯದಲ್ಲಿ, ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡುವಂತೆ ಅಲ್ಲಾಹನು ಕರೆ ಕೊಟ್ಟಿದ್ದಾನೆ. ಆ ಭೂಮಿಯಲ್ಲಿ ನಮ್ಮ ಮಸ್ಕಿ, ಮುದಗಲ್ ಕೂಡ ಸೇರಿವೆ. ದೂರದವರು ಪುಸ್ತಕದಲ್ಲಿ ಓದುವುದನ್ನು ನಮ್ಮ ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಿ ಕಣ್ಣಾರೆ ಕಾಣಬಹುದು.

ಮಸ್ಕಿಯನ್ನೇ ತೆಗೆದುಕೊಳ್ಳಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದು ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಶಾಸನ; ಸುಮಾರು 2,200 ವರ್ಷ ಹಳೆಯದು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು, 'ದೇವಾನಾಂಪ್ರಿಯ' ಎಂದು. ಆ ದೇವಾನಾಂಪ್ರಿಯನೇ ಅಶೋಕ ಎಂಬುದನ್ನು ಹೆಸರು ಸಮೇತ ಖಚಿತಪಡಿಸಿದ್ದು ಮಸ್ಕಿಯ ಬಂಡೆ. ಚಿನ್ನ ಬಲ್ಲವನ ಕಣ್ಣಿಗೆ ಬಿದ್ದದ್ದು ಚಿನ್ನಕ್ಕಿಂತ ದೊಡ್ಡದು! ಗಣಿ ಕೆಲಸಗಾರನ ಮಗ ಅಥವಾ ಮಗಳು ಆ ಬಂಡೆಯ ಮುಂದೆ ನಿಂತು ಈ ಕಥೆ ಕೇಳಿದರೆ, ತನ್ನ ತಂದೆಯ ಕಸುಬನ್ನು ನೋಡುವ ಬಗೆಯೇ ಬದಲಾದೀತು. ಹಟ್ಟಿಯ ನೆಲದಲ್ಲೂ ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಚಿನ್ನಕ್ಕಾಗಿ ಅಗೆದ ಗುರುತುಗಳಿವೆ. 1947ರಲ್ಲಿ ನಿಜಾಮರ ಕಾಲಕ್ಕೆ ಕಂಪನಿ ಶುರುವಾದದ್ದು ತೀರ ಈಚಿನ ಮಾತು. ಇದನ್ನು ಮಕ್ಕಳಿಗೆ ಹೇಳಿ. ಅಬ್ಬಾ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ "ಗಣಿಗೆ ಹೋಗ್ತಾರ" ಎಂಬುದಕ್ಕಿಂತ ಮುಂದೆ ಒಂದು ಮಾತೂ ಗೊತ್ತಿಲ್ಲದ ಮಕ್ಕಳು ನಮ್ಮ ಓಣಿಗಳಲ್ಲಿದ್ದಾರೆ. ನೆಲದೊಳಗಿನ ಸೆಕೆ ಹೇಗಿರುತ್ತದೆ, ಕಲ್ಲಿನಿಂದ ಚಿನ್ನ ಬೇರ್ಪಡಿಸಲು ಎಷ್ಟು ಕೈಗಳು ದುಡಿಯುತ್ತವೆ ಎಂಬುದನ್ನು ತಂದೆಯಲ್ಲದೆ ಇನ್ಯಾರು ಹೇಳಬೇಕು?

ಮುದಗಲ್ ಕೋಟೆ ನಮ್ಮದೇ ಲಿಂಗಸುಗೂರು ತಾಲೂಕಿನಲ್ಲಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಎಷ್ಟು ಕಾದಾಡಿದರು ಎಂಬುದನ್ನು ಆ ಕಂದಕ, ಆ ಬುರುಜುಗಳೇ ಹೇಳುತ್ತವೆ. ಕಾದಾಡಿದವರು ಯಾರೂ ಇಲ್ಲ, ಗೋಡೆ ಉಳಿದಿದೆ. ಬೆಳಗ್ಗೆ ಫಜ್ರ್ ಮುಗಿಸಿ ಹೊರಟರೆ ಹತ್ತು ಗಂಟೆಯೊಳಗೆ ನೋಡಿ ನೆರಳಿಗೆ ಬರಬಹುದು. ಕೆಲವರು ಕೇಳುತ್ತಾರೆ, ಮುದಗಲ್ಲಿಗೆ ಹೋದರೆ ನಮಾಝ್ ಕಸ್ರ್ ಮಾಡಬಹುದೇ ಎಂದು. ಅಷ್ಟು ದೂರವಲ್ಲ ಸಹೋದರರೇ, ಪೂರ್ತಿಯೇ ಮಾಡಬೇಕು. ಚಾಪೆಯೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ.

ಊಟದ ವಿಷಯಕ್ಕೆ ಬರೋಣ. ಇದನ್ನು ಪ್ರವಚನದಲ್ಲಿ ಹೇಳಬೇಕೇ ಎಂದು ಯಾರಿಗಾದರೂ ಅನಿಸಿದರೆ, ಅಬಸ ಅಧ್ಯಾಯದಲ್ಲಿ ಮನುಷ್ಯನು ತನ್ನ ಆಹಾರದ ಕಡೆ ನೋಡಬೇಕೆಂದು ಅಲ್ಲಾಹನೇ ಹೇಳಿ, ಮಳೆ, ಸೀಳುವ ನೆಲ, ಧಾನ್ಯ, ದ್ರಾಕ್ಷಿ, ಖರ್ಜೂರಗಳನ್ನು ಒಂದೊಂದಾಗಿ ನೆನಪಿಸಿದ್ದಾನೆ. ನಮ್ಮ ತಟ್ಟೆಯಲ್ಲಿರುವುದನ್ನೂ ಹಾಗೆ ನೋಡೋಣ. ಎರೆ ಭೂಮಿಯ ಬಿಳಿಜೋಳದ ರೊಟ್ಟಿ, ಹುಳಿಹುಳಿ ಪುಂಡಿಪಲ್ಯ, ಶೇಂಗಾ ಹಿಂಡಿ, ಸಿಂಧನೂರು ಕಡೆಯ ಕಾಲುವೆ ನೀರಿನಲ್ಲಿ ಬೆಳೆದ ಸೋನಾ ಮಸೂರಿ ಅನ್ನ. ನಮ್ಮ ಮನೆಗಳಲ್ಲಿ ಬೆಳಗಿನ ಖಿಚಡಿ–ಖಟ್ಟಾ, ಅದೇ ಪುಂಡಿಸೊಪ್ಪನ್ನು ಮಾಂಸದೊಂದಿಗೆ ಬೇಯಿಸಿದ ಸಾಲನ್. ಸಂಜೆಗೆ ಮಂಡಾಳು ವಗ್ಗರಣಿ, ಮಿರ್ಚಿ. ಬಿಸಿಲು ಏರಿದಾಗ ಅಂಬಲಿ, ಮಜ್ಜಿಗೆ, ಕಲ್ಲಂಗಡಿ, ರಸ್ತೆ ಬದಿಯಲ್ಲಿ ಸುಲಿದು ಕೊಡುವ ಮುಂಜಲ್, ಬೆನಿಶಾನ್ ಮಾವಿನ ಶೀಕರಣೆ. ಪ್ರವಾದಿಯವರು(ಸ) ಕಲ್ಲಂಗಡಿಯನ್ನು ಖರ್ಜೂರದೊಂದಿಗೆ ತಿನ್ನುತ್ತಿದ್ದರು, ಒಂದರ ಕಾವನ್ನು ಇನ್ನೊಂದರ ತಂಪು ಸರಿದೂಗಿಸುತ್ತದೆ ಎನ್ನುತ್ತಿದ್ದರು ಎಂದು ಅಬೂದಾವೂದ್‌ನಲ್ಲಿದೆ. ಬಿಸಿಲ ನಾಡಿನವರಿಗೆ ಬಿಸಿಲ ನಾಡಿನ ಊಟದ ಬುದ್ಧಿ ಬೇಗ ಅರ್ಥವಾಗುತ್ತದೆ.

ಬುತ್ತಿಗೆ ಖಡಕ್ ರೊಟ್ಟಿಗಿಂತ ಒಳ್ಳೆಯದಿಲ್ಲ. ಕೆಡುವುದಿಲ್ಲ, ಚೆಲ್ಲುವುದಿಲ್ಲ. ಶೇಂಗಾ ಪುಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಕೋಟೆಯ ನೆರಳಲ್ಲಿ ಹಬ್ಬದೂಟ. ಬಿರಿಯಾನಿಯನ್ನು ಬೆಳಗ್ಗೆ ಕಟ್ಟಿ ಮಧ್ಯಾಹ್ನ ಎರಡಕ್ಕೆ ಬಿಚ್ಚುವ ಅಭ್ಯಾಸ ಮಾತ್ರ ಈ ಬಿಸಿಲಿನಲ್ಲಿ ಬೇಡ.

ಆದರೆ ಈ ರೊಟ್ಟಿಯನ್ನು ತಟ್ಟುವವರು ಯಾರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಸಿಗೆ ಬಂತೆಂದರೆ ಮಕ್ಕಳಿಗೆ ರಜೆ, ತಾಯಿಗೆ ದುಪ್ಪಟ್ಟು ದುಡಿಮೆ. ವರ್ಷದ ಶಾವಿಗೆ, ಹಪ್ಪಳ, ಸಂಡಿಗೆ, ಖಾರದ ಪುಡಿ, ಮಾವಿನ ಉಪ್ಪಿನಕಾಯಿ ಎಲ್ಲವೂ ಇದೇ ಬಿಸಿಲಿನಲ್ಲಿ ಆಗಬೇಕು. ಊರಿಂದ ನೆಂಟರು ಬರುತ್ತಾರೆ. ಮಕ್ಕಳು ತಾಸಿಗೊಮ್ಮೆ ಹಸಿವೆನ್ನುತ್ತಾರೆ. ಕೊನೆಗೆ ತಿರುಗಾಟಕ್ಕೆ ಹೊರಟ ದಿನವೂ ಆಕೆ ಮೂರು ಗಂಟೆಗೆ ಎದ್ದು ಒಲೆಯ ಮುಂದೆ ಕೂತು, ಕೋಟೆಗೆ ಹೋದ ಮೇಲೂ ತಟ್ಟೆ ಬಡಿಸುತ್ತಾ ನಿಲ್ಲುತ್ತಾಳೆ. ಎಲ್ಲರೂ ಫೋಟೋದಲ್ಲಿರುತ್ತಾರೆ, ಆಕೆ ಇರುವುದಿಲ್ಲ. ಇದು ಕುಟುಂಬದ ರಜೆ ಹೇಗಾಯಿತು?

ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ), ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು, ನಮಾಝ್‌ನ ಹೊತ್ತಾದರೆ ಎದ್ದು ಹೋಗುತ್ತಿದ್ದರು ಎಂದಿದ್ದಾರೆ. ಊಟವನ್ನು ಅವರು ಎಂದೂ ಹಳಿಯಲಿಲ್ಲ. ಹಿಡಿಸಿದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಹಾಗಾಗಿ ಸಂಡಿಗೆ ಹಾಕುವ ದಿನ ಮಾಳಿಗೆಗೆ ಹಿಟ್ಟಿನ ಪಾತ್ರೆ ಹೊತ್ತು ಏರುವವರು ಗಂಡುಮಕ್ಕಳಾಗಲಿ. ಹುಡುಗಿಯರಿಗೆ ಮಾತ್ರ ಅಡುಗೆಮನೆ, ಹುಡುಗರಿಗೆ ಕ್ರಿಕೆಟ್ ಎಂಬುದು ಪ್ರವಾದಿಯವರ(ಸ) ಮನೆಯ ಪದ್ಧತಿಯಲ್ಲ. ವಾರದಲ್ಲಿ ಒಂದು ಹೊತ್ತು ತಂದೆ–ಮಕ್ಕಳು ಸೇರಿ ಅಡುಗೆ ಮಾಡಿ. ರೊಟ್ಟಿ ನಕಾಶೆಯ ಆಕಾರಕ್ಕೆ ಬಂದರೂ ತೊಂದರೆಯಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ಬೇಸಿಗೆಯಲ್ಲೂ ಕಾಲುವೆಗೆ, ಕೃಷಿ ಹೊಂಡಕ್ಕೆ, ಕಲ್ಲು ಕ್ವಾರಿಯ ಗುಂಡಿಗೆ ಈಜಲು ಇಳಿದ ಮಕ್ಕಳು ತಿರುಗಿ ಬಾರದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಹೆಚ್ಚಿನವರು ಹತ್ತರಿಂದ ಹದಿನೆಂಟರ ಹುಡುಗರು. "ಗೆಳೆಯರ ಜೊತೆ ಆಡಲು ಹೋಗಿದ್ದಾನೆ" ಎಂದುಕೊಂಡ ಮನೆಯವರಿಗೆ ಸಂಜೆ ಸುದ್ದಿ ಮುಟ್ಟುತ್ತದೆ. ಕಾಲುವೆಯ ಗೋಡೆ ಇಳಿಜಾರು, ಪಾಚಿಗಟ್ಟಿದರೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲವನೂ ಮೇಲೆ ಹತ್ತಲಾರ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯೂ ಹಾಗೆಯೇ. ಕೃಷ್ಣೆಯ ನಡುಗಡ್ಡೆಯಾದ ಜಲದುರ್ಗ ನೋಡಲು ಸೊಗಸು, ಕೋಟೆಯಿಂದ ನದಿಯನ್ನು ನೋಡಿ ಬನ್ನಿ. ಆದರೆ ಕೆಳಗಿಳಿದು ನೀರಿಗೆ ಕಾಲಿಡಬೇಡಿ. ಮೇಲೆ ನಾರಾಯಣಪುರ ಅಣೆಕಟ್ಟು ಇದೆ, ನೀರು ಬಿಟ್ಟರೆ ಹರಿವು ನೋಡನೋಡುತ್ತ ಏರುತ್ತದೆ. ಮಗನಿಗೆ ಈಜು ಕಲಿಸಬೇಕೆ? ಖಂಡಿತ ಕಲಿಸಿ, ನೀವೇ ಜೊತೆಗಿದ್ದು ಕಲಿಸಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬಾರದು, ಹಗ್ಗ, ಕೋಲು, ಸೀರೆ, ಪೇಟ ಏನಾದರೂ ಎಸೆದು ಎಳೆಯಬೇಕು ಎಂಬುದನ್ನೂ ಕಲಿಸಿ. ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋಗುವುದೇ ಹೆಚ್ಚು.

ಬಿಸಿಲೂ ಹಾಗೆಯೇ. ಸೆಕೆ ತೀವ್ರವಾದಾಗ ಝುಹರ್ ನಮಾಝನ್ನೇ ತುಸು ತಂಪಾಗುವವರೆಗೆ ತಡಮಾಡಲು ಪ್ರವಾದಿಯವರು(ಸ) ಹೇಳಿದ್ದಾರೆ. ಆರಾಧನೆಗೇ ಈ ರಿಯಾಯಿತಿ ಇರುವಾಗ ಹನ್ನೆರಡರಿಂದ ಮೂರರ ತನಕ ಮಕ್ಕಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಸುತ್ತುವ ಅವಸರವೇನಿದೆ? ಸುಸ್ತು, ವಾಂತಿ ಎಂದರೆ ಓಆರ್‌ಎಸ್ ಕೊಡಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೈ ಕೆಂಡವಾಗಿ ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ನಮ್ಮ ತಾಲೂಕುಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗಿವೆ. ಕಟ್ಟಡ ಕೆಲಸಕ್ಕೆ ಹೋದ ತಂದೆ ತಾಯಿಯ ಮಕ್ಕಳು ಇಲ್ಲಿ ನಾನಿಯ ಹತ್ತಿರವೋ ದಾದಿಯ ಹತ್ತಿರವೋ ಇದ್ದಾರೆ. ನಿಮ್ಮ ಗಾಡಿ ಮಸ್ಕಿಗೆ ಹೊರಡುವುದನ್ನು ಅವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಇಬ್ಬರ ಊಟ ಮೂವರಿಗೆ ಸಾಕೆಂದು ಪ್ರವಾದಿಯವರು(ಸ) ಹೇಳಿರುವಾಗ, ನಾಲ್ಕು ಮಕ್ಕಳ ಜೊತೆ ಐದನೆಯದನ್ನು ಕೂರಿಸಿಕೊಳ್ಳಿ. ಆ ಮಗು ಯಾವ ಜಾತಿ, ಯಾವ ಧರ್ಮದ ಮನೆಯದೆಂದು ನೋಡಬೇಕಿಲ್ಲ. ಸಾರಿಗೆ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಯವರಿಗೆ ಕೊಡಬೇಕೆಂಬ ಬೋಧನೆಯಲ್ಲಿ ನೆರೆಯವರು ಎಂದಷ್ಟೇ ಇದೆ.

ಪಾಳಿಯವರಿಗೆ ನಮ್ಮದೊಂದು ವಿನಂತಿ. ವಾರದ ರಜೆಯ ದಿನವನ್ನು ಈಗಲೇ ಮನೆಯವರಿಗೆ ಹೇಳಿಬಿಡಿ. ಆ ದಿನ ಅಸರ್‌ನಿಂದ ಇಶಾವರೆಗೆ ಫೋನ್ ಕಪಾಟಿನಲ್ಲಿರಲಿ. ಹೊರಗೆ ಹೋಗಲು ಹಣವಿಲ್ಲದಿದ್ದರೆ ಮಾಳಿಗೆಯ ಮೇಲೆ ಚಾಪೆ ಹಾಸಿ, ವಗ್ಗರಣಿ ಮಾಡಿಕೊಂಡು ಕೂತರೂ ಆಯಿತು.

ಕಡೆಯದಾಗಿ, ಹಝ್ರತ್ ಸಅದ್ ಬಿನ್ ಉಬಾದಾ(ರ) ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮವೆಂದು ಕೇಳಿದಾಗ ಪ್ರವಾದಿಯವರು(ಸ) ನೀರನ್ನು ಸೂಚಿಸಿದರು, ಅವರು ಬಾವಿ ತೋಡಿಸಿದರು. ನಾಳೆಯಿಂದ ಮಸೀದಿಯ ಬಾಗಿಲ ಬಳಿ ಅರವಟಿಗೆಗೆ ಆರು ಮಡಕೆ ಇಡುತ್ತೇವೆ, ಹಕ್ಕಿಗಳಿಗೆ ಮಾಳಿಗೆಯ ಮೇಲೆ ತಟ್ಟೆಗಳನ್ನೂ ಇಡುತ್ತೇವೆ. ದಿನಾ ಫಜ್ರ್ ಬಳಿಕ ಮಡಕೆ ತೊಳೆದು ತುಂಬಲು ರಜೆಯಲ್ಲಿರುವ ಮಕ್ಕಳು ಬೇಕು. ಹೆಸರು ಬರೆಸಲು ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ, ಅವರ ಕೈ ಹಿಡಿದುಕೊಂಡು ನೀವೂ ಬನ್ನಿ.