ಇಪ್ಪತ್ತೊಂದು ಅಂಕಗಳ ಒಂದು ಸಂಖ್ಯೆ

ಸಂಖ್ಯೆಗಳನ್ನು ನಾವು ಎಣಿಕೆಗೆ ಉಪಯೋಗಿಸುತ್ತೇವೆ. ಅವುಗಳಿಗೂ ಗುಣಸ್ವಭಾವಗಳುಂಟೆಂಬುದನ್ನು ಮರೆಯುತ್ತೇವೆ. ಇಂದು ಒಂದೇ ಒಂದು ಸಂಖ್ಯೆಯ ವೃತ್ತಾಂತವನ್ನು ನೋಡೋಣ. ಅರುವತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ 14,75,73,95,25,89,67,64,12,927 ಬರುತ್ತದೆ. ಇದು ಅವಿಭಾಜ್ಯವೆ? ಎಂದರೆ, ಒಂದು ಮತ್ತು ತಾನು ಇವೆರಡನ್ನುಳಿದು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದೆ?

ಈ ಜಾತಿಯ ಸಂಖ್ಯೆಗಳು ನಮ್ಮನ್ನು ಸುಲಭವಾಗಿ ವಂಚಿಸುತ್ತವೆ. ಎರಡು, ಮೂರು, ಐದು, ಏಳು ಎರಡುಗಳಿಂದ ಕ್ರಮವಾಗಿ 3, 7, 31, 127 ಬರುತ್ತವೆ, ಎಲ್ಲವೂ ಅವಿಭಾಜ್ಯಗಳೇ. ಆದರೆ ಹನ್ನೊಂದು ಎರಡುಗಳಿಂದ ಬರುವ 2047, 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ಸಂಖ್ಯೆಯನ್ನು ಅವಿಭಾಜ್ಯಗಳ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಅದಕ್ಕೆ ಸಾಧನೆಯನ್ನು ಮಾತ್ರ ಕೊಡಲಿಲ್ಲ.

1876ರಲ್ಲಿ ಲೂಕಾ ಎಂಬ ಫ್ರೆಂಚ್ ಗಣಿತಜ್ಞನು ಆ ಮಾತನ್ನು ಖಂಡಿಸಿದನು. ಆಶ್ಚರ್ಯವೇನೆಂದರೆ, ಭಾಜಕ ಯಾವುದೆಂದು ಆತನು ಹೇಳಲಿಲ್ಲ. ಈ ಜಾತಿಯ ಅವಿಭಾಜ್ಯಗಳು ತಪ್ಪದೆ ಪಾಲಿಸುವ ಒಂದು ನಿಯಮವನ್ನು ಈ ಸಂಖ್ಯೆ ಪಾಲಿಸದೆಂದು ತೋರಿಸಿದನು, ಅಷ್ಟೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ನಮ್ಮ ತಾರ್ಕಿಕರು ಇದನ್ನು ಮೆಚ್ಚುತ್ತಿದ್ದರು. ಬೆಂಕಿಯಿರುವುದು ನಿಶ್ಚಯ, ಎಲ್ಲಿದೆಯೆಂಬುದು ಕಾಣದು.

ಹುಡುಕುವವರಿಗೆ ಒಂದು ಸುಳಿವಿತ್ತು. ಇದರ ಯಾವ ಭಾಜಕವನ್ನೇ ಆಗಲಿ 134ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಅಂಥವನ್ನೇ ಆರಿಸಿ ಒಂದೊಂದಾಗಿ ಪರೀಕ್ಷಿಸುತ್ತ ಹೋದರೂ ಉತ್ತರ ಸಿಕ್ಕುವುದು 14,45,580ನೆಯದರಲ್ಲಿ! 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ನ್ಯೂಯಾರ್ಕ್ ಸಭೆಯಲ್ಲಿ ಪ್ರೊಫೆಸರ್ ಫ್ರಾಂಕ್ ಕೋಲ್ ಇದಕ್ಕಿಂತ ಚತುರವಾದ ಉಪಾಯಗಳಿಂದ ಪಡೆದ ಉತ್ತರವನ್ನು ಮುಂದಿಟ್ಟನು. ಆತನು ಒಂದು ಮಾತನ್ನೂ ಆಡದೆ ಹಲಗೆಯ ಒಂದು ಕಡೆ ನಮ್ಮ ಸಂಖ್ಯೆಯನ್ನು ಲೆಕ್ಕಮಾಡಿ, ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ತೋರಿಸಿ ಕುಳಿತನೆಂದೂ, ಸಭೆ ಕರತಾಡನ ಮಾಡಿತೆಂದೂ, ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದುವೆಂದು ಆತನು ಮುಂದೆ ತಿಳಿಸಿದನೆಂದೂ ಹೇಳುವರು.

ಹುಡುಕುವುದಕ್ಕೆ ವರ್ಷಗಳು ಬೇಕಾದುವು. ಪರಿಶೀಲಿಸುವುದಕ್ಕೆ ಒಂದು ಗಂಟೆ ಸಾಕು. ಇಂದಿನ ಗಣಕಯಂತ್ರಕ್ಕೆ ಈ ಸಂಖ್ಯೆ ಕ್ಷಣಮಾತ್ರದ ಕೆಲಸವೆಂಬುದು ನಿಜ. ಆದರೂ ನೂರಾರು ಅಂಕಗಳ ಸಂಖ್ಯೆಗಳಲ್ಲಿ ಗುಣಿಸುವುದು ಸುಲಭ, ಬಿಡಿಸುವುದು ದುಸ್ಸಾಧ್ಯ ಎಂಬ ಈ ಭೇದ ಉಳಿದೇ ಇದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರಚಿಸಿದ ಗುಪ್ತಲಿಪಿಯ ಭದ್ರತೆಗೆ ಇದೇ ಆಧಾರ.

ಇದಕ್ಕಿಂತಲೂ ದೊಡ್ಡ ಲಾಭವೊಂದುಂಟು. ಗಣಿತದಲ್ಲಿ ಹೆಸರಿನ ಬಲದಿಂದ ಯಾವ ಮಾತೂ ನಿಲ್ಲದು. ಮೆರ್ಸೆನ್ ಹೇಳಿದನೆಂದು ನಾವು ನಂಬಬೇಕಾಗಿಲ್ಲ. ಕೋಲ್ ಹೇಳಿದನೆಂದೂ ನಂಬಬೇಕಾಗಿಲ್ಲ. ಕಾಗದ, ಸೀಸದಕಡ್ಡಿ, ಸ್ವಲ್ಪ ತಾಳ್ಮೆ ಇದ್ದವರು ಆ ಎರಡು ಸಂಖ್ಯೆಗಳನ್ನು ಗುಣಿಸಿ ನೋಡಬಹುದು.