ಬ್ರೇಕ್ ಲೈಟ್ ಉರಿಯದಿದ್ದರೆ ಎಲ್ಲಿಂದ ಹುಡುಕಬೇಕು?



ವಾರಕ್ಕೆ ಒಂದೇ ದಿನ ಸಿಗುವ ರಜೆಯಲ್ಲಿ ಇಲ್ಲಿಗೆ ಬಂದು ಕೂತಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡೋದಿಲ್ಲ. ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಓದಿ ಬಂದವನು, ಹೊಟ್ಟೆಪಾಡಿಗೆ ಲೆಕ್ಕಪತ್ರ ಬರೆಯುವವನು. ಕಳೆದ ಸಲ ನಿಮಗೆ ಟ್ಯಾಕ್ಸ್ ಬಗ್ಗೆ ಹೇಳಿದ್ದೆ. ಅದು ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಕೆಲವರು ಕೇಳಿದ್ದು ಬೇರೆ: "ಸಾರ್, ಬ್ರೇಕ್ ಲೈಟ್ ಉರೀತಿಲ್ಲ ಅಂತ ಟಿಕೆಟ್ ಕೊಟ್ಟಿದ್ದಾರೆ, ಏನು ಮಾಡೋದು?" ಆ ಪಾಡು ನಾನೂ ಪಟ್ಟಿದ್ದೇನೆ. ಅದಕ್ಕೇ ಈ ವಿಷಯ.

ನಾನು ಫೋರ್ ಎಸ್ ರ್ಯಾಂಚ್‌ಗೆ ಬಂದ ಹೊಸದರಲ್ಲಿ, ಊರಿಗೆ ವಾಪಸ್ ಹೊರಟಿದ್ದ ಒಬ್ಬರಿಂದ ಹಳೇ ಕಾರು ಕೊಂಡೆ. ಒಂದು ರಾತ್ರಿ ಕೆಲಸ ಮುಗಿಸಿ ಕಮೀನೋ ಡೆಲ್ ನಾರ್ಟೆ ರಸ್ತೆಯಲ್ಲಿ ಬರುವಾಗ ಹಿಂದೆ ಕೆಂಪು-ನೀಲಿ ದೀಪ ಬಿತ್ತು. ಎದೆ ಡವಡವ. ಎಡಗಡೆ ಬ್ರೇಕ್ ಲೈಟ್ ಉರೀತಿಲ್ಲ ಅಂದರು, ಒಂದು ಚೀಟಿ ಕೊಟ್ಟರು. ಮಾರನೇ ದಿನ ಒಂದು ಶಾಪ್‌ಗೆ ಹೋದೆ. ಅವರು ಎರಡೂ ಬಲ್ಬ್ ಬದಲಾಯಿಸಿ ದುಡ್ಡು ತಗೊಂಡರು. ಎರಡೇ ವಾರದಲ್ಲಿ ಅದೇ ಎಡಗಡೆ ಮತ್ತೆ ಕತ್ತಲು. ಕೊನೆಗೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಇದ್ದ ಗದಗದ ಕಡೆಯ ಅಣ್ಣ ಒಬ್ಬರು ಬಂದು ನೋಡಿದರು. ಊರಲ್ಲಿ ಅವರ ತಂದೆ ಲಾರಿ ವೈರಿಂಗ್ ಮಾಡುತ್ತಿದ್ದರಂತೆ. ಬಲ್ಬ್ ಮುಟ್ಟಲೇ ಇಲ್ಲ. "ತಮ್ಮಾ, ಕರೆಂಟ್ ಬರಾಕತ್ತೈತಿ, ಹೋಗಾಕ ದಾರಿ ಇಲ್ಲ. ಅರ್ತ್ ಬಿಟ್ಟೈತಿ" ಅಂದರು. ಅವತ್ತು ನನಗೆ ಇದು ನಮ್ಮ ಜಮಾ-ಖರ್ಚಿನ ಲೆಕ್ಕವೇ ಅಂತ ಗೊತ್ತಾಯಿತು. ಹೊರಟಿದ್ದು ಎಲ್ಲಿಗೆ ಮುಟ್ಟಿತು, ಎಲ್ಲಿಂದ ವಾಪಸ್ ಬರಲಿಲ್ಲ ಅಂತ ಸಾಲಾಗಿ ನೋಡಿದರೆ ತಪ್ಪು ಸಿಗುತ್ತದೆ. ಅಂದಾಜಿನ ಮೇಲೆ ಸಾಮಾನು ಬದಲಾಯಿಸಿದರೆ ದುಡ್ಡು ಮಾತ್ರ ಹೋಗುತ್ತದೆ.

ಮೊದಲು ದಾರಿ ತಿಳಿದುಕೊಳ್ಳಿ. ಬ್ಯಾಟರಿಯಿಂದ ಕರೆಂಟ್ ಹೊರಟು ಫ್ಯೂಸ್‌ಗೆ ಬರುತ್ತದೆ. ಅಲ್ಲಿಂದ ಬ್ರೇಕ್ ಪೆಡಲ್ ಮೇಲ್ಗಡೆ ಇರುವ ಸ್ವಿಚ್‌ಗೆ. ನೀವು ಪೆಡಲ್ ಒತ್ತಿದಾಗ ಸ್ವಿಚ್ ಕೂಡಿಕೊಂಡು ಕರೆಂಟ್ ಹಿಂದಕ್ಕೆ ಓಡುತ್ತದೆ, ಹೋಲ್ಡರ್ ಸೇರಿ ಬಲ್ಬ್ ಉರಿಸುತ್ತದೆ. ಆಮೇಲೆ ಅರ್ತ್ ವೈರ್ ಮೂಲಕ ಕಾರಿನ ಬಾಡಿಗೆ ಬಂದು ಬ್ಯಾಟರಿಗೆ ವಾಪಸ್. ಇಷ್ಟೇ. ಹೊಸ ಕಾರುಗಳಲ್ಲಿ ನಡುವೆ ಒಂದು ಕಂಪ್ಯೂಟರ್ ಕೂತಿರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಯಾವ ದೀಪ ಉರಿಯುತ್ತಿದೆ, ಯಾವುದು ಇಲ್ಲ ಅಂತ ಎಣಿಸಿ. 1986ರ ಮಾಡೆಲ್‌ನಿಂದ ಈಚೆಗೆ ಅಮೆರಿಕದ ಕಾರುಗಳಿಗೆ ಎಡ, ಬಲ ಅಲ್ಲದೆ ನಡುವೆ ಎತ್ತರದಲ್ಲಿ ಮೂರನೇ ಬ್ರೇಕ್ ಲೈಟೂ ಕಡ್ಡಾಯ. ನೋಡಲು ಇನ್ನೊಬ್ಬರು ಬೇಕಿಲ್ಲ. ರಾತ್ರಿ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ, ಪೆಡಲ್ ಒತ್ತಿ ಕನ್ನಡಿಯಲ್ಲಿ ನೋಡಿ. ಇಲ್ಲವೇ ಪೊರಕೆ ಕೋಲನ್ನು ಪೆಡಲ್‌ಗೂ ಸೀಟಿಗೂ ನಡುವೆ ಒತ್ತರಿಸಿ ಇಟ್ಟು ಇಳಿದು ಹೋಗಿ ನೋಡಿ. ಗೇರ್ ಪಾರ್ಕ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಆಫ್ ಆಗಿರಲಿ.

ಒಂದೇ ಕಡೆ ಉರಿಯದಿದ್ದರೆ ಫ್ಯೂಸ್, ಸ್ವಿಚ್ ಎರಡೂ ಸರಿ ಇವೆ. ತೊಂದರೆ ಆ ಕಡೆಯ ಬಲ್ಬ್, ಹೋಲ್ಡರ್, ಅರ್ತ್ ಅಥವಾ ಆ ಕಡೆಗೆ ಹೋಗುವ ವೈರ್‌ನಲ್ಲಿದೆ. ಮೂರೂ ಉರಿಯದಿದ್ದರೆ ಮೂರಕ್ಕೂ ಕೂಡಿಕೆಯಾದ ಜಾಗ ನೋಡಿ, ಅಂದರೆ ಫ್ಯೂಸ್ ಅಥವಾ ಸ್ವಿಚ್. ನಡುವಿನದು ಉರಿದು ಎರಡೂ ಪಕ್ಕದವು ಉರಿಯದಿದ್ದರೆ ಎರಡೂ ಬಲ್ಬ್ ಹೋಗಿರಬಹುದು. ಹಿಂದಿನ ಇಂಡಿಕೇಟರ್ ಕೂಡ ಅದೇ ಕೆಂಪು ಬಲ್ಬ್‌ನಲ್ಲಿ ಮಿನುಗುವ ಕಾರಾದರೆ ಸ್ಟೇರಿಂಗ್ ಹತ್ತಿರದ ಇಂಡಿಕೇಟರ್ ಸ್ವಿಚ್ ಮೇಲೂ ಅನುಮಾನ ಇಡಿ. ಯಾಕಂದರೆ ಅಂಥ ಕಾರುಗಳಲ್ಲಿ ಬ್ರೇಕ್ ಕರೆಂಟ್ ಅದರ ಮೂಲಕವೇ ಹಾದು ಹೋಗುತ್ತದೆ.

ಬಲ್ಬ್‌ನಿಂದ ಶುರು ಮಾಡಿ. "ಹಿಂದಿನ ಲೈಟ್ ಉರೀತಿದೆಯಲ್ಲ, ಬಲ್ಬ್ ಸರಿ ಇದೆ" ಅನ್ನಬೇಡಿ. ಎಷ್ಟೋ ಕಾರುಗಳಲ್ಲಿ ಒಂದೇ ಬಲ್ಬ್ ಒಳಗೆ ಎರಡು ತಂತಿ ಇರುತ್ತವೆ, ಒಂದು ರಾತ್ರಿ ದೀಪಕ್ಕೆ, ಇನ್ನೊಂದು ಬ್ರೇಕ್‌ಗೆ. ಒಂದು ಹೋಗಿ ಇನ್ನೊಂದು ಉಳಿದಿರಬಹುದು. ದುಡ್ಡಿಲ್ಲದ ಪರೀಕ್ಷೆ ಏನಂದರೆ, ಎಡದ ಬಲ್ಬ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಕತ್ತಲು ಬಲ್ಬ್ ಜೊತೆಗೇ ಆ ಕಡೆಗೆ ಹೋದರೆ ಬಲ್ಬ್ ಹೋಗಿದೆ. ಕತ್ತಲು ಅಲ್ಲೇ ಉಳಿದರೆ ಬಲ್ಬ್‌ದು ತಪ್ಪಿಲ್ಲ, ಹೋಲ್ಡರ್ ನೋಡಿ. ಹಸಿರು ಪಾಚಿ ಹಿಡಿದಿದೆಯಾ, ಪ್ಲಾಸ್ಟಿಕ್ ಕರಗಿದೆಯಾ, ಪಿನ್ ಸಡಿಲವಾಗಿದೆಯಾ?

ಮೂರೂ ಉರಿಯದಿದ್ದರೆ ಫ್ಯೂಸ್ ನೋಡಿ. ಯಾವ ಫ್ಯೂಸ್ ಅಂತ ಡಬ್ಬಿಯ ಮುಚ್ಚಳದಲ್ಲೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತದೆ. ಸಾಮಾನ್ಯ ಫ್ಯೂಸ್‌ಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಮೂಲ ಎಷ್ಟಿತ್ತೋ ಅಷ್ಟೇ ಹಾಕಿ. ಇಲ್ಲಿ ಒಂದು ಸಣ್ಣ ಲೆಕ್ಕ. ಬ್ರೇಕ್ ಬಲ್ಬ್ ಸುಮಾರು 27 ವ್ಯಾಟ್, ಅಂದರೆ ಸುಮಾರು 2 ಆಂಪಿಯರ್. ಮೂರೂ ಸೇರಿದರೆ 6 ಆಂಪಿಯರ್ ಆಸುಪಾಸು. ಅಷ್ಟಕ್ಕೆ 15ರ ಫ್ಯೂಸ್ ಸುಮ್ಮನೆ ಸುಡುವುದಿಲ್ಲ. ಹೊಸದು ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ವೈರ್ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ ಅಂತ ಅರ್ಥ. ಆಗ ದೊಡ್ಡ ಫ್ಯೂಸ್ ಹಾಕೋದು, ಬೆಳ್ಳಿ ಕಾಗದ ಸುತ್ತೋದು ದಯವಿಟ್ಟು ಮಾಡಬೇಡಿ. ಫ್ಯೂಸ್ ಸುಡಬೇಕಾದ ಕಡೆ ವೈರ್ ಸುಡುತ್ತದೆ, ವೈರ್ ಜೊತೆ ಕಾರು.

ಫ್ಯೂಸ್ ಸರಿ ಇದ್ದರೆ ಪೆಡಲ್ ಸ್ವಿಚ್. ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಬೇಕು, ಹದಿನೈದಿಪ್ಪತ್ತು ಡಾಲರ್‌ಗೆ ಸಿಗುತ್ತದೆ. ಕ್ಲಿಪ್ ಅನ್ನು ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಸ್ವಿಚ್‌ನ ಒಂದು ವೈರ್‌ನಲ್ಲಿ ಕರೆಂಟ್ ಇರಬೇಕು, ಇನ್ನೊಂದರಲ್ಲಿ ಪೆಡಲ್ ಒತ್ತಿದಾಗ ಮಾತ್ರ ಬರಬೇಕು. ಬರುತ್ತಿದೆ, ಒತ್ತಿದರೂ ಹೊರಗೆ ಹೋಗುತ್ತಿಲ್ಲ ಅಂದರೆ ಸ್ವಿಚ್ ಹೋಗಿದೆ. ಇದಕ್ಕೆ ಇನ್ನೊಂದು ಸುಳಿವೂ ಇದೆ. ಆಟೋಮ್ಯಾಟಿಕ್ ಕಾರು ಪಾರ್ಕ್‌ನಿಂದ ಆಚೆ ಬರುವುದಿಲ್ಲ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು ಸ್ಟಾರ್ಟೇ ಆಗದಿರಬಹುದು. ಹಳದಿ ಕವಚದ ವೈರ್‌ಗಳನ್ನು ಮಾತ್ರ ಮುಟ್ಟಬೇಡಿ, ಅವು ಏರ್‌ಬ್ಯಾಗ್‌ನವು.

ಇದರ ಉಲ್ಟಾ ತೊಂದರೆಯೂ ಉಂಟು. ಕಾಲು ತೆಗೆದರೂ ಲೈಟ್ ಆರುವುದಿಲ್ಲ. ಪೆಡಲ್ ಹಿಂದೆ, ಸ್ವಿಚ್‌ನ ಗುಂಡಿ ತಾಗುವ ಕಡೆ ಒಂದು ಚಿಕ್ಕ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಹಳೇ ಕಾರುಗಳಲ್ಲಿ ಅದು ಪುಡಿಯಾಗಿ ಕಾಲ ಹತ್ತಿರ ಮ್ಯಾಟ್ ಮೇಲೆ ಬಿದ್ದಿರುತ್ತದೆ. ಆ ಚೂರು ಕಂಡರೆ ಕಸ ಅಂತ ಎಸೆಯಬೇಡಿ, ಅದೇ ನಿಮ್ಮ ಉತ್ತರ. ರಾತ್ರಿ 8 ಗಂಟೆ ಹೊತ್ತು 6 ಆಂಪಿಯರ್ ಹರಿದರೆ 48 ಆಂಪಿಯರ್-ಗಂಟೆ. ಸಣ್ಣ ಕಾರಿನ ಬ್ಯಾಟರಿ ಇರುವುದೇ ಸುಮಾರು ಅಷ್ಟು. ಬೆಳಗಿನ ಶಿಫ್ಟ್‌ಗೆ ಕಾರು ಏಳುವುದಿಲ್ಲ.

ಈಗ ನನ್ನ ಕಾರಿಗೆ ಆಗಿದ್ದು, ಅರ್ತ್. ಬ್ರೇಕ್ ಒತ್ತಿದರೆ ಲೈಟ್ ಮಂಕಾಗುವುದು, ಸಂಬಂಧವಿಲ್ಲದ ಇನ್ನೊಂದು ದೀಪ ಮಿಣುಕುವುದು ಇದರ ಲಕ್ಷಣ. ಸರಿಯಾದ ದಾರಿ ಮುಚ್ಚಿದಾಗ ಕರೆಂಟ್ ಪಕ್ಕದ ಬಲ್ಬ್ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಪರೀಕ್ಷೆ ಹೀಗೆ: ಬಲ್ಬ್ ಹೋಲ್ಡರ್‌ನಲ್ಲೇ ಇರಲಿ, ಪೆಡಲ್ ಒತ್ತಿರಲಿ. ಮೀಟರ್‌ನ ಒಂದು ಮುಳ್ಳು ಬಾಡಿಯ ಲೋಹಕ್ಕೆ, ಇನ್ನೊಂದು ಹೋಲ್ಡರ್‌ನ ಅರ್ತ್ ಪಿನ್‌ಗೆ. ಸೊನ್ನೆಯ ಹತ್ತಿರ ಇರಬೇಕು, 0.2 ವೋಲ್ಟ್ ದಾಟಬಾರದು. ನನ್ನದರಲ್ಲಿ 4 ಇತ್ತು. 12 ಬಂದಿದೆ, 4 ಅರ್ತ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ, ಬಲ್ಬ್‌ಗೆ ಉಳಿದಿದ್ದು 8. ಲೆಕ್ಕ ತಾಳೆಯಾಯಿತು. ಬಾಡಿಗೆ ಹಾಕಿದ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ಬಿಗಿ ಮಾಡಿದೆವು. ಖರ್ಚು ಹೆಚ್ಚೂಕಮ್ಮಿ ಸೊನ್ನೆ. ಆಮೇಲೆ ಅದು ಕೆಟ್ಟಿಲ್ಲ.

ಡಿಕ್ಕಿ ಮುಚ್ಚಳದಲ್ಲಿ ಬ್ರೇಕ್ ಲೈಟ್ ಇದ್ದರೆ ಇನ್ನೊಂದು ಜಾಗ ನೋಡಿ. ಮುಚ್ಚಳದ ಕೀಲಿನ ಹತ್ತಿರ ವೈರ್‌ಗಳು ರಬ್ಬರ್ ಕೊಳವೆಯಲ್ಲಿ ಹಾದು ಹೋಗುತ್ತವೆ. ವರ್ಷಗಟ್ಟಲೆ ತೆಗೆದು ಹಾಕಿ ಅಲ್ಲೇ ವೈರ್ ಮುರಿಯುತ್ತದೆ. ಮುಚ್ಚಳ ಆಡಿಸಿದಾಗ ಲೈಟ್ ಬಂದು ಹೋದರೆ ತಪ್ಪು ಅಲ್ಲಿದೆ.

ಇಷ್ಟೂ ಸರಿ ಇದ್ದರೆ, ಅಥವಾ ನಿಮ್ಮದು ಎಲ್‌ಇಡಿ ಲೈಟ್ ಇರುವ, ಕಂಪ್ಯೂಟರ್ ನಡೆಸುವ ಕಾರಾದರೆ, ಅಲ್ಲಿಗೆ ನಿಲ್ಲಿಸಿ. ಶಾಪ್‌ಗೆ ಹೋಗುವ ಮೊದಲು ಕಾರಿನ 17 ಅಕ್ಷರದ ವಿನ್ ನಂಬರ್ ಅನ್ನು ಫೆಡರಲ್ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ನಂಬರ್ ಗಾಜಿನ ಕೆಳಗೆ ಡ್ರೈವರ್ ಕಡೆ ಇರುತ್ತದೆ. 2013ರಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು ಬ್ರೇಕ್ ಲೈಟ್ ಸ್ವಿಚ್‌ಗೋಸ್ಕರ ಲಕ್ಷಾಂತರ ಕಾರು ವಾಪಸ್ ಕರೆದವು. 2014ರ ಮೇನಲ್ಲಿ ಜನರಲ್ ಮೋಟಾರ್ಸ್ ಸುಮಾರು 24 ಲಕ್ಷ ಕಾರುಗಳನ್ನು ಕರೆಯಿತು. 2004ರಿಂದ 2012ರ ಶೆವರ್ಲೆ ಮಾಲಿಬು, ಪಾಂಟಿಯಾಕ್ ಜಿ6, ಸ್ಯಾಟರ್ನ್ ಔರಾ ಅದರಲ್ಲಿದ್ದವು. ವೈರಿಂಗ್ ಕೂಡುವ ಜಾಗ ಸವೆದು, ಒತ್ತಿದರೆ ಲೈಟ್ ಬಾರದೆ, ಒತ್ತದಿದ್ದರೆ ಬಂದು ಕಾಡುತ್ತಿದ್ದ ಕಾರುಗಳು ಅವು. ನಮ್ಮಂಥವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದು ಇಂಥವನ್ನೇ. ರೀಕಾಲ್ ಕೆಲಸಕ್ಕೆ ಡೀಲರ್ ದುಡ್ಡು ಕೇಳುವ ಹಾಗಿಲ್ಲ. ಕಾರು ಮೊದಲು ಮಾರಾಟವಾಗಿ 15 ವರ್ಷ ದಾಟಿದ್ದರೆ ಉಚಿತವಾಗಿ ಮಾಡಲೇಬೇಕೆಂಬ ಕಟ್ಟಳೆ ಇಲ್ಲ, ಆದರೂ ಕೇಳಿ ನೋಡಿ.

ಶಾಪ್‌ಗೆ ಹೋದರೂ ನಿಮ್ಮ ಹಕ್ಕು ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಶುರುವಾಗುವ ಮೊದಲೇ ಅಂದಾಜು ಖರ್ಚನ್ನು ಬರೆದು ಕೊಡಬೇಕು, ನೀವು ಒಪ್ಪದೆ ಅದಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ತೆಗೆದ ಹಳೇ ಸಾಮಾನು ವಾಪಸ್ ಬೇಕು ಅಂತ ಮೊದಲೇ ಹೇಳಿ. ಮೋಸ ಅನ್ನಿಸಿದರೆ ದೂರು ಕೊಡಲು ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಇದೆ. ನನಗೆ ಅವತ್ತು ಇದು ಗೊತ್ತಿರಲಿಲ್ಲ.

ಕೊನೆಗೆ ಆ ಚೀಟಿಯ ಮಾತು. ಪೊಲೀಸರು ನಿಲ್ಲಿಸಿದರೆ ಕಾರಿನಲ್ಲೇ ಕೂತಿರಿ, ಕೈ ಸ್ಟೇರಿಂಗ್ ಮೇಲಿರಲಿ. 2024ರ ಜನವರಿ 1ರಿಂದ, ತುರ್ತು ಅಪಾಯದ ಸಂದರ್ಭ ಬಿಟ್ಟರೆ, ಪ್ರಶ್ನೆ ಕೇಳುವ ಮೊದಲೇ ಯಾಕೆ ನಿಲ್ಲಿಸಿದೆವು ಅಂತ ಅವರು ಹೇಳಬೇಕು. ಚೀಟಿಗೆ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಕೋರ್ಟಿನ ವ್ಯವಹಾರ ಮುಗಿಸುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಚೀಟಿಯಲ್ಲಿ ಸರಿಪಡಿಸಬಹುದಾದ ದೋಷ ಅಂತ ಗುರುತು ಹಾಕಿದ್ದರೆ, ಲೈಟ್ ಸರಿ ಮಾಡಿ, ಪೊಲೀಸ್ ಅಥವಾ ಹೈವೇ ಪೆಟ್ರೋಲ್ ಅಧಿಕಾರಿಗೆ ತೋರಿಸಿ ಸಹಿ ಹಾಕಿಸಿ, ಅದನ್ನು 25 ಡಾಲರ್ ಶುಲ್ಕದ ಜೊತೆ ಗಡುವಿನೊಳಗೆ ಕೋರ್ಟಿಗೆ ಮುಟ್ಟಿಸಿ. ಅಲ್ಲಿಗೆ ಮುಗಿಯಿತು, ಇದಕ್ಕೆ ಜೈಲಿಲ್ಲ. ಆದರೆ ಹೆದರಿ ಚೀಟಿಯನ್ನು ಡ್ರಾಯರ್‌ನಲ್ಲಿ ಬಚ್ಚಿಟ್ಟರೆ, ಗಡುವು ದಾಟಿದ್ದೇ ಬೇರೆ ಅಪರಾಧವಾಗಿ, ದಂಡ ಬೆಳೆದು ನಿಲ್ಲುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರಂತೆ, ಹಾಗಾಗುತ್ತದೆ. ವೀಸಾದ ಬಗ್ಗೆ ಅನುಮಾನ ಇದ್ದರೆ ವಕೀಲರನ್ನೇ ಕೇಳಿ, ಪರಿಚಯದವರ ಮಾತು ನಂಬಿ ಕೂರಬೇಡಿ.

ಪೊಲೀಸರಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮಲ್ಲಿ ಕೆಲವರು ರಾತ್ರಿ ಪಾಳಿ ಮುಗಿಸಿ 15ನೇ ಫ್ರೀವೇನಲ್ಲಿ ಬರುತ್ತೀರಿ. ಕೆಲವರು ಲಾಸ್ ಏಂಜಲೀಸ್‌ವರೆಗೆ ನೂರು ಮೈಲಿ ದಾಟಿ ಹೋಗುತ್ತೀರಿ. ಮುಂದೆ ಟ್ರಾಫಿಕ್ ನಿಂತಾಗ ನೀವು ಬ್ರೇಕ್ ಒತ್ತಿದ್ದು ಹಿಂದಿನವನಿಗೆ ಗೊತ್ತಾಗುವುದು ಆ ಕೆಂಪು ದೀಪದಿಂದ ಮಾತ್ರ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ. ದಾರಿಯಲ್ಲೇ ಲೈಟ್ ಹೋದರೆ ಫ್ರೀವೇ ಬಿಟ್ಟು ಇಳಿಯಿರಿ, ಎಡಗೈ ಕಿಟಕಿಯಿಂದ ಹೊರಗೆ ಕೆಳಮುಖವಾಗಿ ಚಾಚಿ ನಿಲ್ಲಿಸುತ್ತೇನೆಂಬ ಸನ್ನೆ ಕೊಡುತ್ತಾ ನಿಧಾನವಾಗಿ ಹತ್ತಿರದ ಜಾಗ ಸೇರಿಕೊಳ್ಳಿ.

ತಿಂಗಳಿಗೊಮ್ಮೆ ಬಾಡಿಗೆ ಕಟ್ಟುವ ದಿನ ಗೋಡೆಗೆ ಹಿಂಭಾಗ ಮಾಡಿ ಮೂರು ದೀಪ ಎಣಿಸಿ. ಒಂದು ನಿಮಿಷದ ಕೆಲಸ. ಟೆಸ್ಟ್ ಲ್ಯಾಂಪ್ ನನ್ನ ಕಾರಿನಲ್ಲಿದೆ, ಸಭೆ ಮುಗಿದ ಮೇಲೆ ಪಾರ್ಕಿಂಗ್‌ಗೆ ಬನ್ನಿ, ಯಾರದ್ದಿದ್ದರೂ ಇವತ್ತೇ ನೋಡೋಣ.